ಮಳೆಗಾಲದ ನಾಲ್ಕು ಸಂಬಳ, ಒಂದು ಹಳೇ ಬುಲೆಟ್

ಹಳೇ ಬುಲೆಟ್ ಪೂರ್ತಿ ಬಿಚ್ಚಿ ಕಟ್ಟಿಸಲು ಎಷ್ಟು ದುಡ್ಡು ಬೇಕು ಎಂದು ಕೇಳಿದವರಿಗೆ, ನಿಮ್ಮ ಹತ್ತಿರ ಎಷ್ಟು ತಿಂಗಳಿದೆ ಎಂದು ಮೊದಲು ಕೇಳುತ್ತೇನೆ. ಈ ಕೆಲಸದಲ್ಲಿ ಕಾಲವೂ ದುಡ್ಡೇ. ಮುಂದಿನ ತಿಂಗಳೇ ಗೋವಾಕ್ಕೆ ಹೊರಡಬೇಕು, ಅಷ್ಟರಲ್ಲಿ ಗಾಡಿ ಸಿದ್ಧವಾಗಬೇಕು ಅನ್ನುವವರು ಸಾಲ ಮಾಡುತ್ತಾರೆ, ಇಲ್ಲವೇ ಕ್ರೆಡಿಟ್ ಕಾರ್ಡ್ ಉಜ್ಜುತ್ತಾರೆ. ನಾಲ್ಕು ತಿಂಗಳು ಗಾಡಿ ನಿಲ್ಲಿಸಲು ಒಪ್ಪಿದವರು ಕೈಯಲ್ಲಿದ್ದ ದುಡ್ಡಿನಲ್ಲೇ ಮುಗಿಸುತ್ತಾರೆ.

ಹಿಮ ಬೀಳುವ ದೇಶಗಳಲ್ಲಿ ಜನ ತಮ್ಮ ದೂರಪ್ರಯಾಣದ ಬೈಕುಗಳನ್ನು ಚಳಿಗಾಲದಲ್ಲಿ ಬಿಚ್ಚುತ್ತಾರೆ. ನಮ್ಮ ಹಾಸನದ ಕಡೆ ಆ ಬಿಡುವು ಸಿಗುವುದು ಮಳೆಗಾಲದಲ್ಲಿ. ಜೂನ್ ಕಳೆದರೆ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಜರಿದ ಸುದ್ದಿ ಬರುತ್ತಲೇ ಇರುತ್ತದೆ, ಸಕಲೇಶಪುರದಾಚೆ ದಾರಿಯೇ ಕಾಣದಷ್ಟು ಮಳೆ. ಹೇಗೂ ಓಡಿಸದ ಗಾಡಿ ಬಿಚ್ಚಿ ಬಿದ್ದಿದ್ದರೆ ನಷ್ಟವೇನೂ ಇಲ್ಲ. ಕಳೆದ ಮಳೆಗಾಲದಲ್ಲಿ, ಅಂದರೆ 2025ರಲ್ಲಿ, ನನ್ನ 1998ರ ಬುಲೆಟ್ ಸ್ಟ್ಯಾಂಡರ್ಡ್ 350 ಬಿಚ್ಚಿಸಿದೆ. ಅದರ ಲೆಕ್ಕವನ್ನು ರೂಪಾಯಿ ಸಮೇತ ಇಲ್ಲಿ ಕೊಡುತ್ತೇನೆ.

ಮೊದಲು ಗಾಡಿಯ ಆಯ್ಕೆಯ ಮಾತು. ಹಳೇ ಬೈಕ್ ಕಟ್ಟಿಸುವ ಖರ್ಚನ್ನು ತೀರ್ಮಾನಿಸುವುದು ಬಿಡಿಭಾಗ. ಬುಲೆಟ್ ತಯಾರಿಸಿದ ಎನ್‌ಫೀಲ್ಡ್ ಇಂಡಿಯಾ ಕಂಪನಿ 1955ರಲ್ಲಿ ಮದ್ರಾಸಿನಲ್ಲಿ ಶುರುವಾಯಿತು. ಅಂದಿನ ಎರಕದ ಕಬ್ಬಿಣದ ಎಂಜಿನ್ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಐದು ದಶಕಕ್ಕೂ ಹೆಚ್ಚು ಕಾಲ ತಯಾರಾಯಿತು. ಹೀಗಾಗಿ ಪಿಸ್ಟನ್, ವಾಲ್ವ್, ಕ್ಲಚ್ ಪ್ಲೇಟು ಇಂದಿಗೂ ಜಿಲ್ಲಾ ಕೇಂದ್ರದ ಅಂಗಡಿಯಲ್ಲೇ ಸಿಗುತ್ತವೆ. ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ಮೈಸೂರಿನ ಯೆಜ್ಡಿ ನನಗೆ ಬುಲೆಟ್ಟಿನಷ್ಟೇ ಇಷ್ಟ. ಆದರೆ ಅದನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಯೆಜ್ಡಿ ರೋಡ್‌ಕಿಂಗ್‌ನ ಅಸಲಿ ಭಾಗ ಬೇಕೆಂದರೆ ದಾಸ್ತಾನು ಇಟ್ಟುಕೊಂಡವರು ಹೇಳಿದ ಬೆಲೆ ಕೊಡಬೇಕು. ಯಮಹಾ ಆರ್‌ಎಕ್ಸ್ 100ದು ಇನ್ನೊಂದು ಕಥೆ, ಅಲ್ಲಿ ಗಾಡಿಗೇ ವ್ಯಾಮೋಹದ ಬೆಲೆ ಏರಿದೆ. ಸಂಬಳದವರು ಮೊದಲ ಬಾರಿಗೆ ಈ ಕೆಲಸಕ್ಕೆ ಕೈಹಾಕುವುದಾದರೆ ಬುಲೆಟ್ಟೇ ಸರಿ ಎಂಬುದು ನನ್ನ ಅಭಿಪ್ರಾಯ.

ದುಡ್ಡು ಹೊಂದಿಸಿದ್ದು ಹೀಗೆ. ಹಿಂದಿನ ವರ್ಷವೇ ಬ್ಯಾಂಕಿನಲ್ಲಿ ತಿಂಗಳಿಗೆ 5 ಸಾವಿರದ ಆರ್.ಡಿ. ಶುರುಮಾಡಿದ್ದೆ. ವರ್ಷ ತುಂಬಿದಾಗ ಬಡ್ಡಿ ಸೇರಿ ಹತ್ತಿರ ಹತ್ತಿರ 62 ಸಾವಿರ ಕೈಗೆ ಬಂತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ಸಂಬಳಗಳಿಂದ ತಲಾ ಏಳೂವರೆ ಸಾವಿರ ತೆಗೆದೆ, ಅಲ್ಲಿಗೆ 30 ಸಾವಿರ. ಒಟ್ಟು 92 ಸಾವಿರ. ಇದೇ ಕೆಲಸಕ್ಕೆ 90 ಸಾವಿರ ವೈಯಕ್ತಿಕ ಸಾಲವನ್ನು ಶೇ 14ರ ಬಡ್ಡಿಗೆ ಎರಡು ವರ್ಷದ ಮಟ್ಟಿಗೆ ಪಡೆದಿದ್ದರೆ ತಿಂಗಳ ಕಂತು 4,320 ರೂಪಾಯಿ ಆಗುತ್ತಿತ್ತು, ಬಡ್ಡಿಯೇ 13,700. ಗಾಡಿಯ ಬಣ್ಣ, ಕ್ರೋಮ್ ಎರಡಕ್ಕೂ ಸೇರಿ ನಾನು ಕೊಟ್ಟಿದ್ದು 14 ಸಾವಿರ. ಸಾಲ ಮಾಡಿದವರು ಹೆಚ್ಚುಕಡಿಮೆ ಇನ್ನೊಂದು ಸಲ ಬಣ್ಣ ಹೊಡೆಸುವಷ್ಟು ದುಡ್ಡನ್ನು ಬ್ಯಾಂಕಿಗೆ ಕಟ್ಟುತ್ತಾರೆ. ಕ್ರೆಡಿಟ್ ಕಾರ್ಡಿನ ಬಾಕಿ ಉಳಿಸಿಕೊಂಡರಂತೂ ತಿಂಗಳಿಗೇ ನೂರಕ್ಕೆ ಮೂರು ರೂಪಾಯಿಗೂ ಮೇಲೆ ಬಡ್ಡಿ ಬೀಳುತ್ತದೆ. ಹವ್ಯಾಸಕ್ಕೆ ಆ ದಾರಿ ಖಂಡಿತ ಬೇಡ.

ಕೆಲಸದ ಕ್ರಮವೂ ದುಡ್ಡಿನ ಕ್ರಮವೇ. ಮೊದಲು ಎಂಜಿನ್ ಬಿಚ್ಚಿಸಿ. ಬಣ್ಣಕ್ಕೆ ಎಷ್ಟು, ಸೀಟಿಗೆ ಎಷ್ಟು ಎಂದು ಮೊದಲೇ ಕೇಳಿ ತಿಳಿಯಬಹುದು, ಎಂಜಿನ್ನಿನ ಒಳಗೆ ಏನಿದೆ ಎಂಬುದು ಬಿಚ್ಚುವವರೆಗೆ ಯಾರಿಗೂ ಗೊತ್ತಿಲ್ಲ. ಅನಿರೀಕ್ಷಿತ ಖರ್ಚು ಬರುವುದಿದ್ದರೆ ಮೊದಲ ತಿಂಗಳಲ್ಲೇ ಬರಲಿ, ಆಗ ಕೈಯಲ್ಲಿ ದುಡ್ಡೂ ಇರುತ್ತದೆ, ಉಳಿದ ಕೆಲಸದಲ್ಲಿ ಕಡಿತ ಮಾಡಲು ಅವಕಾಶವೂ ಇರುತ್ತದೆ. ಬಣ್ಣ ಹೊಡೆಸಿ, ಸೀಟು ಹೊಲಿಸಿ, ಕೊನೆಗೆ ಎಂಜಿನ್ನಿಗೆ ಬರುವವರ ಗಾಡಿಗಳು ಅರ್ಧಕ್ಕೆ ನಿಂತು ಶೆಡ್ಡಿನಲ್ಲಿ ಧೂಳು ತಿನ್ನುವುದನ್ನು ನೋಡಿದ್ದೇನೆ.

ನಮ್ಮ ಮೇಸ್ತ್ರಿ ಬುಲೆಟ್ ಬಿಟ್ಟು ಬೇರೆ ಗಾಡಿ ಮುಟ್ಟುವುದಿಲ್ಲ. ಎಂಜಿನ್ ಬಿಚ್ಚುವ ಮೊದಲೇ ಕಿವಿಗೊಟ್ಟು ಕೇಳಿ, "ಸಾರ್, ಬಿಗ್ ಎಂಡ್ ಹೋಗಿದೆ. ಪಿಸ್ಟನ್ ಒಂದೇ ಹಾಕಿ ಕೊಡು ಅನ್ಬೇಡಿ, ನಾನ್ ಮಾಡಲ್ಲ" ಅಂದರು. ಬಿಚ್ಚಿದಾಗ ಅವರ ಮಾತೇ ನಿಜವಾಯಿತು. ಬಿಗ್ ಎಂಡಿನ, ಅಂದರೆ ಕನೆಕ್ಟಿಂಗ್ ರಾಡಿನ ಕೆಳತುದಿಯ, ಹಳೇ ಬುಷ್ ತೆಗೆಸಿ ರೋಲರ್ ಬೇರಿಂಗಿನ ಕನೆಕ್ಟಿಂಗ್ ರಾಡ್ ಹಾಕಿಸಿದೆ. ದಿನವಿಡೀ ಒಂದೇ ವೇಗದಲ್ಲಿ ಓಡುವ ಗಾಡಿಗೆ ಇದು ಬಾಳಿಕೆಯ ಮಾರ್ಪಾಡು. ಬೋರು, ಪಿಸ್ಟನ್, ವಾಲ್ವು, ಗೈಡು, ಮೇನ್ ಬೇರಿಂಗು, ಲೇತಿನ ಕೆಲಸಕ್ಕೆ 19,500, ಎಂಜಿನ್ ಕೂಲಿ 9 ಸಾವಿರ. ಗೇರ್‌ಬಾಕ್ಸ್, ಕ್ಲಚ್ಚು, ಚೈನ್ ಸ್ಪ್ರಾಕೆಟ್ಟಿಗೆ 9,500. ಇಲ್ಲೇ ಅಂದಾಜು ಮೀರಿತು, ಗೇರ್‌ಬಾಕ್ಸಿನೊಳಗೆ ಸವೆದ ಹಲ್ಲುಗಳು ಹೊರಗಿನಿಂದ ಕಾಣುವಂಥವಲ್ಲ. ನನ್ನ ಮೊದಲ ಅಂದಾಜು 74 ಸಾವಿರವಿತ್ತು. ಅದರ ಕಾಲು ಭಾಗವನ್ನು ಹೆಚ್ಚುವರಿಯಾಗಿ ಇಟ್ಟುಕೊಂಡಿದ್ದೆ, ಹೆಚ್ಚುಕಡಿಮೆ ಪೂರ್ತಿ ಖರ್ಚಾಯಿತು. ಹಳೇ ಗಾಡಿಗೆ ಕಾಲು ಭಾಗಕ್ಕಿಂತ ಕಡಿಮೆ ಇಟ್ಟುಕೊಂಡು ಇಳಿಯಬಾರದು.

ಕೂಲಿಯಲ್ಲಿ ಚೌಕಾಸಿ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಪಾಯಿಂಟ್ ಸೆಟ್ ಮಾಡುವ, ಕಿವಿಯಲ್ಲೇ ಟ್ಯಾಪೆಟ್ಟಿನ ಸದ್ದು ಅಳೆಯುವ ಮೇಸ್ತ್ರಿಗಳ ತಲೆಮಾರು ಕರಗುತ್ತಿದೆ. ಅವರ ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಅವರಿಗೆ ಸಲ್ಲಬೇಕಾದ್ದನ್ನು ಹಂತ ಹಂತವಾಗಿ, ತಡಮಾಡದೆ ಕೊಡಬೇಕು. ಉಳಿತಾಯ ಮಾಡುವ ಜಾಗ ಬೇರೆಯೇ ಇದೆ: ಬಿಡಿಭಾಗಗಳನ್ನು ನೀವೇ ಬಿಲ್ ಸಮೇತ ಕೊಳ್ಳಿ, ಕ್ಲಚ್ ಪ್ಲೇಟು, ಬೇರಿಂಗು, ಬ್ರೇಕ್ ಶೂ ಕಡ್ಡಾಯವಾಗಿ ಅಸಲಿಯೇ ಇರಲಿ, ಮಡ್‌ಗಾರ್ಡು, ಲಿವರು, ಕ್ಯಾರಿಯರ್‌ಗಳಿಗೆ ಲೋಕಲ್ ಮಾಲು ಸಾಕು.

ಚಕ್ರ, ಬ್ರೇಕು, ಫೋರ್ಕು, ಹಿಂದಿನ ಶಾಕ್‌ಗಳಿಗೆ ಟೈರ್ ಸೇರಿ 17,800 ಆಯಿತು. ಡಿಸ್ಕ್ ಬ್ರೇಕ್ ಹಾಕಿಸಿ ಎಂದವರು ಹಲವರು. ನಾನು ಡ್ರಮ್ಮನ್ನು ಲೇತಿನಲ್ಲಿ ದುಂಡಗೆ ಮಾಡಿಸಿ ಹೊಸ ಲೈನಿಂಗ್ ಹಾಕಿಸಿದೆ. ಹೆಚ್ಚೆಂದರೆ 70 ಕಿಲೋಮೀಟರ್ ವೇಗದಲ್ಲಿ ಹೋಗುವ ನನಗೆ ಅಷ್ಟು ಸಾಕು. ಟೈರನ್ನು ಬೇಕೆಂದೇ ಕೊನೆಗೆ ಉಳಿಸಿದ್ದೆ. ಸೆಪ್ಟೆಂಬರ್ 22ರಿಂದ ಟೈರು ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. 5,120 ರೂಪಾಯಿಯ ಜೋಡಿ 4,720ಕ್ಕೆ ಬಂತು. ದೊಡ್ಡ ಮೊತ್ತವೇನಲ್ಲ, ಆದರೆ ಅವಸರವಿಲ್ಲದವರಿಗೆ ಇಂಥ ನೂರುಗಳು ತಾವಾಗಿ ಸೇರುತ್ತವೆ.

ಪೆಟ್ರೋಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. 1998ರ ಗಾಡಿಯ ರಬ್ಬರ್ ಪೈಪು, ವಾಷರ್‌ಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಬಿಟ್ಟು ಗಾಡಿ ನಿಲ್ಲಿಸಿದರೆ ಟ್ಯಾಂಕಿನ ಒಳಗೆ ತುಕ್ಕು ಖಚಿತ, ಕಾರ್ಬ್ಯುರೇಟರಿನಲ್ಲಿ ಬಿಳಿ ಪುಡಿಯೂ ಕೂರುತ್ತದೆ. ನಿಲ್ಲಿಸುವ ದಿನವೇ ಟ್ಯಾಂಕು, ಕಾರ್ಬ್ಯುರೇಟರ್ ಎರಡನ್ನೂ ಪೂರ್ತಿ ಖಾಲಿ ಮಾಡಿ. ಎಥನಾಲ್ ತಡೆಯುವ ಪೈಪು, ಟ್ಯಾಪಿನ ವಾಷರು, ಫ್ಲೋಟ್ ನೀಡಲ್ಲು ಎಲ್ಲ ಸೇರಿದರೂ ಕೆಲವು ನೂರು ರೂಪಾಯಿ. ನನಗೆ ಟ್ಯಾಂಕ್ ತುಕ್ಕು ತೆಗೆಸಿದ್ದು, ಕಾರ್ಬ್ಯುರೇಟರ್ ಸರಿಮಾಡಿಸಿದ್ದು, ಹೊಸ ಜೆಟ್ ಸೇರಿ ಈ ಬಾಬತ್ತಿಗೆ 4,500 ಆಯಿತು.

ವೈರಿಂಗ್, ಬ್ಯಾಟರಿ, ರಿಲೇ ಇರುವ ಹ್ಯಾಲೊಜೆನ್ ಹೆಡ್‌ಲೈಟ್, ಎಲೆಕ್ಟ್ರಾನಿಕ್ ಇಗ್ನಿಷನ್‌ಗೆ 9,200. ಉದ್ದ ಸೀಟು ಮತ್ತು ಬ್ಯಾಗು ಕಟ್ಟುವ ಕಬ್ಬಿಣದ ಚೌಕಟ್ಟಿಗೆ 8,500. ಮಾರ್ಪಾಡಿಗೆ ನಾನು ಹಾಕಿಕೊಂಡ ಕಟ್ಟಳೆ ಒಂದೇ: ಹೊರಗೆ ಸೇರಿಸಿದ್ದನ್ನೆಲ್ಲ ಬೋಲ್ಟ್ ಬಿಚ್ಚಿ ತೆಗೆದರೆ ಗಾಡಿ ಮೊದಲಿನಂತಾಗಬೇಕು. ಚಾಸಿಗೆ ಗರಗಸ, ವೆಲ್ಡಿಂಗ್ ಸೋಕಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಕಾನೂನುಬಾಹಿರವಾದ ಒಂದೊಂದು ಬದಲಾವಣೆಗೂ 5 ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಆಗಬಹುದು. ಊರೆಲ್ಲ ಎಬ್ಬಿಸುವ ಸೈಲೆನ್ಸರ್ ಹಾಕಿಸಿಕೊಂಡು ಹೆಮ್ಮೆಪಡುವ ಹುಡುಗರು ಈ ಲೆಕ್ಕವನ್ನೂ ನೋಡಬೇಕು. ಮಾರುವಾಗಲೂ ತಿಳಿದವರು ಹೆಚ್ಚು ಬೆಲೆ ಕೊಡುವುದು ಅಸಲಿ ಸ್ಥಿತಿಯ ಗಾಡಿಗೇ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವಾಗ ತೆಗೆದ ಪಾಯಿಂಟ್ ಸೆಟ್ಟನ್ನು ಡಬ್ಬಿಯಲ್ಲಿಟ್ಟಿದ್ದೇನೆ. ದೂರದ ಊರಿನಲ್ಲಿ ಎಲೆಕ್ಟ್ರಾನಿಕ್ ಕೈಕೊಟ್ಟರೆ ಅದೇ ಆಧಾರ.

ಬಣ್ಣ ಮಾತ್ರ ಮಳೆ ನಿಂತ ಮೇಲೆ. ತೇವದ ಗಾಳಿಯಲ್ಲಿ ಹೊಡೆದ ಬಣ್ಣ ಬಿಳಿಚಿಕೊಳ್ಳುತ್ತದೆ, ಆಮೇಲೆ ಕೆರೆದು ಮತ್ತೆ ಹೊಡೆಸಬೇಕು. ಆದರೆ ಆಯುಧ ಪೂಜೆ ಹತ್ತಿರವಾದಂತೆ ಪೇಂಟ್ ಅಂಗಡಿಗಳ ಮುಂದೆ ಸಾಲು ನಿಲ್ಲುತ್ತದೆ, ದರವೂ ಏರುತ್ತದೆ. ಗಣೇಶನ ಹಬ್ಬ ಕಳೆದ ಕೂಡಲೇ ಬಿಸಿಲು ನೋಡಿ ಟ್ಯಾಂಕು, ಮಡ್‌ಗಾರ್ಡು ಕೊಟ್ಟುಬಿಟ್ಟೆ. ಆರ್‌ಸಿಯಲ್ಲಿ ಕಪ್ಪು ಎಂದಿದೆ, ಕಪ್ಪನ್ನೇ ಹೊಡೆಸಿದೆ. ಬಣ್ಣ ಬದಲಿಸಿದರೆ ಆರ್‌ಟಿಒಗೆ ಹೇಳಿ ಆರ್‌ಸಿಯಲ್ಲಿ ಬರೆಸಬೇಕು. ಚೆನ್ನೈ ಕಾರ್ಖಾನೆಯಲ್ಲಿ ಬುಲೆಟ್ ಟ್ಯಾಂಕಿನ ಚಿನ್ನದ ಗೆರೆಯನ್ನು ಕೈಯಲ್ಲೇ ಎಳೆಯುತ್ತಾರೆ. ನನ್ನ ಟ್ಯಾಂಕಿಗೆ ಎಳೆದವರು ನಮ್ಮೂರಿನ ಬೋರ್ಡ್ ಬರೆಯುವ ಹಿರಿಯರು. ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಗೆರೆ ತಿರುಗಿಸಿದರು. ಇಡೀ 92 ಸಾವಿರದಲ್ಲಿ ಅವರಿಗೆ ಕೊಟ್ಟ ದುಡ್ಡಿನಷ್ಟು ಸಂತೋಷದಿಂದ ಇನ್ನಾವುದನ್ನೂ ಕೊಡಲಿಲ್ಲ.

ಇದು ಹೂಡಿಕೆಯೇ ಎಂದು ಕೇಳುವವರಿಗೆ ನೇರ ಉತ್ತರ: ಅಲ್ಲ. ಬಿಚ್ಚುವ ಮೊದಲು ಈ ಗಾಡಿಗೆ 55 ಸಾವಿರ ಬರುತ್ತಿತ್ತು. ಕಟ್ಟಿಸಿದ ಮೇಲೆ ಪರಿಚಯದವರೊಬ್ಬರು 95 ಸಾವಿರಕ್ಕೆ ಕೇಳಿದರು. 92 ಸಾವಿರ ಹಾಕಿ 40 ಸಾವಿರದ ಬೆಲೆ ಹೆಚ್ಚಿಸಿಕೊಂಡಂತಾಯಿತು. ಉಳಿದ 52 ಸಾವಿರ ನನ್ನ ಸಂತೋಷದ ಬೆಲೆ, ಅದನ್ನು ತಿಳಿದೇ ಕೊಟ್ಟಿದ್ದೇನೆ. ಪ್ರವಾಸವಷ್ಟೇ ಮುಖ್ಯ ಅನ್ನುವವರಿಗೆ ಹೊಸ ಬೈಕೇ ಲೇಸು. 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿಯೂ ಅದೇ ಸೆಪ್ಟೆಂಬರಿನಲ್ಲಿ ಶೇ 18ಕ್ಕೆ ಇಳಿದಿದೆ, ಜೊತೆಗೆ ಎಬಿಎಸ್ ಇರುತ್ತದೆ, ವಾರಂಟಿ ಇರುತ್ತದೆ.

ಇನ್ನು ಕಾಗದಪತ್ರ. ಬರೆದದ್ದು ಕೊನೆಗಾದರೂ ಇದು ಸ್ಪ್ಯಾನರ್ ಹಿಡಿಯುವ ಮೊದಲೇ ಆಗಬೇಕಾದ ಕೆಲಸ. ಹದಿನೈದು ವರ್ಷ ದಾಟಿದ ಗಾಡಿ ಗುಜರಿಗೆ ಹೋಗಬೇಕೆಂದು ಹೆದರಿ ಹಲವರು ಸಿಕ್ಕ ಬೆಲೆಗೆ ಮಾರಿಬಿಡುತ್ತಾರೆ. ವಯಸ್ಸನ್ನೇ ನೋಡಿ ಪೆಟ್ರೋಲ್ ಗಾಡಿಯನ್ನು ತಡೆಯುವ ಆದೇಶ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು. ಇಲ್ಲಿ ಗಾಡಿ ಸುಸ್ಥಿತಿಯಲ್ಲಿದ್ದರೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬಹುದು. ಐವತ್ತು ವರ್ಷ ದಾಟಿದ ಗಾಡಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿಯೂ ಇದೆ. ಅದಕ್ಕೆ 20 ಸಾವಿರ ಶುಲ್ಕ, ದಿನಬಳಕೆಗೂ ಅವಕಾಶವಿಲ್ಲ. 150ರಿಂದ 350 ಸಿಸಿ ಬೈಕಿನ ಥರ್ಡ್ ಪಾರ್ಟಿ ವಿಮೆ 2022ರ ದರದಂತೆ ವರ್ಷಕ್ಕೆ 1,366 ರೂಪಾಯಿ, ಜಿಎಸ್‌ಟಿ ಬೇರೆ. ಐದು ವರ್ಷ ದಾಟಿದ ಗಾಡಿಯ ವಿಮಾ ಮೌಲ್ಯವನ್ನು ಕಂಪನಿಯೂ ನೀವೂ ಒಪ್ಪಿ ನಿಗದಿ ಮಾಡಬೇಕಾದ್ದರಿಂದ, ಸ್ವಂತ ಗಾಡಿಯ ಹಾನಿಗೂ ವಿಮೆ ಬೇಕೆನ್ನುವವರು ರಿಪೇರಿಯ ಬಿಲ್ಲುಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಳ್ಳಿ.

ಈ ಸಲದ ಮಳೆಗಾಲಕ್ಕೆ ಗಾಡಿ ಬಿಚ್ಚಬೇಕೆಂದಿದ್ದರೆ ಇವತ್ತೇ ಆರ್‌ಸಿ ತೆಗೆದು ಕೊನೆಯ ದಿನಾಂಕ ನೋಡಿ. ಅವಧಿ ಮುಗಿಯುವ 60 ದಿನ ಮೊದಲಿನಿಂದ ನವೀಕರಣಕ್ಕೆ ಅರ್ಜಿ ಹಾಕಬಹುದು. ಇಪ್ಪತ್ತು ವರ್ಷ ದಾಟಿದ ಬೈಕಿಗೆ 2025ರ ಆಗಸ್ಟ್‌ನಿಂದ ಶುಲ್ಕ 2 ಸಾವಿರ ರೂಪಾಯಿ ಆಗಿದೆ. ಅವಧಿ ಮೀರಿದರೆ ತಡವಾದ ಪ್ರತಿ ತಿಂಗಳಿಗೂ 300 ರೂಪಾಯಿ ಹೆಚ್ಚಿಗೆ ಕಟ್ಟಬೇಕು.