ಶತ್ರುವಿನ ಮಕ್ಕಳಿಗಾಗಿ ಎತ್ತಿದ ಕಾಣಿಕೆ

ಕ್ರಿಸ್ತಜಯಂತಿಯ ಸಡಗರ ಮುಗಿದಿರುವುದಿಲ್ಲ, ಗೋದಲಿಯ ದೀಪಗಳು ಇನ್ನೂ ಉರಿಯುತ್ತಿರುತ್ತವೆ. ಅಷ್ಟರಲ್ಲೇ, ಡಿಸೆಂಬರ್ 28ರಂದು, ಬೆತ್ಲೆಹೇಮಿನಲ್ಲಿ ಹೆರೋದನ ಸೈನಿಕರು ಕೊಂದ ಹಸುಳೆಗಳನ್ನು ಧರ್ಮಸಭೆ ಸ್ಮರಿಸುತ್ತದೆ (ಮತ್ತಾಯ 2:16-18). ಹೆರೋದನಿಗಿದ್ದುದು ಸಿಂಹಾಸನದ ಭಯ. ಸತ್ತವರು ಸಿಂಹಾಸನವೆಂದರೇನೆಂದೇ ತಿಳಿಯದ ಕೂಸುಗಳು. ಹಬ್ಬದ ಗಡಿಬಿಡಿಯಲ್ಲಿ ಈ ದಿನ ಬಹಳ ಮನೆಗಳಲ್ಲಿ ಗಮನಕ್ಕೇ ಬರುವುದಿಲ್ಲ. ಆದರೆ 1919ರಲ್ಲಿ ಜಗದ್ಗುರು ಹದಿನೈದನೇ ಬೆನೆಡಿಕ್ಟರು ಇದೇ ದಿನವನ್ನು ಆರಿಸಿಕೊಂಡು ಇಡೀ ಧರ್ಮಸಭೆಯ ಮುಂದೆ ಕಾಣಿಕೆಯ ತಟ್ಟೆ ಹಿಡಿದರು. ಯಾರಿಗಾಗಿ ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಮೊದಲನೇ ಮಹಾಯುದ್ಧ ಆರಂಭವಾದ 1914ರಿಂದಲೇ ಬ್ರಿಟನ್ ತನ್ನ ನೌಕಾಪಡೆಯಿಂದ ಜರ್ಮನಿಯ ಸಮುದ್ರಮಾರ್ಗವನ್ನು ಮುಚ್ಚಿತು. ಇದನ್ನೇ ದಿಗ್ಬಂಧನ ಎನ್ನುವುದು. ಗುಂಡು ಹಾರುವುದಿಲ್ಲ, ಮನೆ ಉರುಳುವುದಿಲ್ಲ, ಹಡಗು ಬರುವುದಿಲ್ಲ, ಅಷ್ಟೇ. ಧಾನ್ಯ, ಎಣ್ಣೆ, ಕೊಬ್ಬು, ದನದ ಮೇವು, ಗೊಬ್ಬರ ಎಲ್ಲವೂ ನಿಂತವು. ಮೇವಿಲ್ಲದೆ ಹಸುವಿನ ಹಾಲು ಬತ್ತಿತು. ಹೊಟ್ಟೆಗಿಲ್ಲದೆ ತಾಯಿಯ ಹಾಲೂ ಬತ್ತಿತು. 1916-17ರ ಚಳಿಗಾಲದಲ್ಲಿ ಆಲೂಗೆಡ್ಡೆ ಬೆಳೆಯೂ ಕೈಕೊಟ್ಟು, ದನಕ್ಕೆ ಹಾಕುವ ಗೆಡ್ಡೆಯನ್ನೇ ಜನ ಬೇಯಿಸಿ ತಿಂದರು. ತಪ್ಪು ಒಂದೇ ಕಡೆಯದಲ್ಲ. ಹೊಲಕ್ಕೆ ಹೋಗಬೇಕಾದ ಸಾರಜನಕವನ್ನು ಜರ್ಮನ್ ಸರಕಾರ ಸಿಡಿಮದ್ದಿಗೆ ಸುರಿಯಿತು, ಇದ್ದ ಆಹಾರವನ್ನೂ ನೆಟ್ಟಗೆ ಹಂಚಲಿಲ್ಲ.

1918ರ ನವೆಂಬರ್ 11ರಂದು ಕದನವಿರಾಮವಾಯಿತು. ಹಡಗುಗಳ ದಾರಿ ಮಾತ್ರ ತೆರೆಯಲಿಲ್ಲ. ಶಾಂತಿ ಒಪ್ಪಂದಕ್ಕೆ ಜರ್ಮನಿ ಸಹಿ ಹಾಕಲೆಂದು ದಿಗ್ಬಂಧನವನ್ನು ಹಾಗೆಯೇ ಉಳಿಸಿಕೊಂಡರು. 1919ರ ಮಾರ್ಚ್ ಕೊನೆಗೆ ಸ್ವಲ್ಪ ಆಹಾರ ಒಳಬಂತು, ಪೂರ್ತಿ ತೆರವಾದದ್ದು ಜುಲೈ 12ರಂದು. ಯುದ್ಧ ನಿಂತ ಎಂಟು ತಿಂಗಳ ಮೇಲೆ! ಸೋತ ಆಸ್ಟ್ರಿಯದ ವಿಯೆನ್ನಾ ನಗರದ ಪಾಡೂ ಭೀಕರವಾಗಿತ್ತು. ಮೂಳೆ ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ರೋಗ ಅಲ್ಲಿನ ಮಕ್ಕಳಲ್ಲಿ ಎಷ್ಟು ಹರಡಿತ್ತೆಂದರೆ, ಅದನ್ನು ಅಭ್ಯಸಿಸಲು ಇಂಗ್ಲೆಂಡಿನಿಂದ ವಿಜ್ಞಾನಿ ಹ್ಯಾರಿಯೆಟ್ ಚಿಕ್ ತಂಡ ಕಟ್ಟಿಕೊಂಡು ಬಂದರು. ಮೀನೆಣ್ಣೆ ಮತ್ತು ಬಿಸಿಲು, ಇವೆರಡರಿಂದ ರೋಗ ವಾಸಿಯಾಗುತ್ತದೆಂದು ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ಅವರು ತೋರಿಸಿಕೊಟ್ಟರು. ಒಂದು ಚಮಚ ಎಣ್ಣೆಯಿಂದ ನೇರವಾಗಿ ನಿಲ್ಲಬಹುದಾದ ಕಾಲುಗಳು ಅವು.

ಇಂಗ್ಲೆಂಡಿನಲ್ಲಿ ಎಗ್ಲಾಂಟೈನ್ ಜೆಬ್ ಎಂಬ ಮಹಿಳೆ ಹಸಿದ ಮಗುವಿನ ಚಿತ್ರವಿದ್ದ ಕರಪತ್ರವನ್ನು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹಂಚಿದರು. ಸರಕಾರದ ಅನುಮತಿ ಇಲ್ಲದ್ದರಿಂದ ಪೊಲೀಸರು ಹಿಡಿದರು, ನ್ಯಾಯಾಲಯ ಐದು ಪೌಂಡ್ ದಂಡ ಹಾಕಿತು. ಅವರ ವಿರುದ್ಧ ವಾದಿಸಿದ ಸರಕಾರಿ ವಕೀಲರೇ ಐದು ಪೌಂಡ್ ತೆಗೆದುಕೊಟ್ಟರಂತೆ. 1919ರ ಮೇ ತಿಂಗಳಲ್ಲಿ 'ಸೇವ್ ದ ಚಿಲ್ಡ್ರನ್' ನಿಧಿ ಹುಟ್ಟಿತು. ಜೆಬ್ ನಮ್ಮ ಸಭೆಯವರಲ್ಲ, ಆಂಗ್ಲಿಕನ್ ಸಭೆಯವರು. ಆದರೂ ರೋಮಿಗೆ ಹೋಗಿ ಜಗದ್ಗುರುಗಳನ್ನು ಕಂಡರು.

ಜಗದ್ಗುರುಗಳು 1919ರ ನವೆಂಬರ್ 24ರಂದು 'ಪಾತೆರ್ನೊ ಯಾಂ ದಿಯು' ಎಂಬ ವಿಶ್ವಪತ್ರ ಬರೆದು, ಮಧ್ಯ ಯುರೋಪಿನ ಮಕ್ಕಳಿಗಾಗಿ ಪ್ರಾರ್ಥಿಸಿ ಹಣ, ಆಹಾರ, ಬಟ್ಟೆ ಸಂಗ್ರಹಿಸುವಂತೆ ಜಗತ್ತಿನ ಎಲ್ಲ ಧರ್ಮಾಧ್ಯಕ್ಷರನ್ನು ಕೇಳಿಕೊಂಡರು. ಮರುವರ್ಷ ಇನ್ನೊಂದು ವಿಶ್ವಪತ್ರದಲ್ಲಿ ಜೆಬ್ ಅವರ ನಿಧಿಯನ್ನೇ ಹೆಸರಿಸಿ ಮೆಚ್ಚಿದರು. ಯೋಚಿಸಿ ನೋಡಿ: ಆ ಬಲಿಪೂಜೆಗಳಲ್ಲಿ ಕುಳಿತವರ ನಡುವೆ ಜರ್ಮನ್ ಗುಂಡಿಗೆ ಮಗನನ್ನು ಕಳೆದುಕೊಂಡ ಬೆಲ್ಜಿಯಮ್ಮಿನ, ಫ್ರಾನ್ಸಿನ ತಾಯಂದಿರೂ ಇದ್ದರು. ಅವರ ಮುಂದೆಯೇ ತಟ್ಟೆ ಬಂತು.

"ಒತ್ತಡ ಹಾಕದೆ ಯುದ್ಧ ಹೇಗೆ ಮುಗಿದೀತು?" ಎಂದು ನಮ್ಮಲ್ಲೂ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ದಿಗ್ಬಂಧನದ ಊರಿನಲ್ಲಿ ಊಟ ಯಾವ ಸಾಲಿನಲ್ಲಿ ಬಡಿಸಲ್ಪಡುತ್ತದೆ ಎಂಬುದನ್ನು ನೋಡಬೇಕು. ಮೊದಲ ಎಲೆ ಬಂದೂಕು ಹಿಡಿದವನಿಗೆ, ಆಮೇಲೆ ಹಣವಿದ್ದವನಿಗೆ. ಬಾಣಂತಿ, ಎಳೆಮಗು, ಮುದುಕರಿಗೆ ಬರುವಾಗ ಪಾತ್ರೆ ಖಾಲಿ. ಹೀಗಾಗಿ ಈ ಒತ್ತಡ ಯಾರ ಮೇಲೆ ಬೀಳಬೇಕೋ ಅವರ ಮೇಲೆ ಕೊನೆಗೆ ಬೀಳುತ್ತದೆ. ನಾಗರಿಕರನ್ನು ಉಪವಾಸ ಕೆಡವಿ ಯುದ್ಧ ಮಾಡುವುದನ್ನು 1977ರ ಜಿನೀವಾ ಹೆಚ್ಚುವರಿ ಒಪ್ಪಂದಗಳು ನಿಷೇಧಿಸಿವೆ. ಯುದ್ಧದ ಕಾಲದಲ್ಲೂ ನೈತಿಕ ನಿಯಮ ರದ್ದಾಗುವುದಿಲ್ಲ ಎಂಬುದು ನಮ್ಮ ಧರ್ಮೋಪದೇಶದ ಬೋಧನೆ.

ಇದು ಹಳೆಯ ಕಥೆಯಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನಲ್ಲಿ ನಡೆಸಿದ ಕೊಲೆಗಳಲ್ಲಿ ಮಕ್ಕಳೂ ಸತ್ತರು, ಮಕ್ಕಳನ್ನು ಒತ್ತೆಯಾಗಿಯೂ ಒಯ್ದರು. ಅದರ ಬೆನ್ನಿಗೆ ಬಂದ ಯುದ್ಧದಲ್ಲಿ, 2025ರ ಮಾರ್ಚ್ 2ರಿಂದ ಸುಮಾರು ಹನ್ನೊಂದು ವಾರ ಗಾಜಾಕ್ಕೆ ನೆರವಿನ ಸರಕು ಹೋಗದಂತೆ ಇಸ್ರೇಲ್ ಸರಕಾರ ತಡೆಯಿತು. ಆಗಸ್ಟ್ 22ರಂದು, ವಿಶ್ವಸಂಸ್ಥೆಯ ಬೆಂಬಲವುಳ್ಳ ತಜ್ಞರು ಗಾಜಾ ನಗರ ಪ್ರದೇಶದಲ್ಲಿ ಕ್ಷಾಮವಿದೆಯೆಂದು ಪ್ರಕಟಿಸಿದರು. ಇಸ್ರೇಲ್ ಅದನ್ನು ಅಲ್ಲಗಳೆಯಿತು. ಅಲ್ಲಿರುವ ಒಂದೇ ಕಥೋಲಿಕ ದೇವಾಲಯ ಪವಿತ್ರ ಕುಟುಂಬಕ್ಕೆ ಸಮರ್ಪಿತವಾದುದು, ಹೆರೋದನಿಗೆ ಹೆದರಿ ಈಜಿಪ್ಟಿಗೆ ಓಡಿದ ಕುಟುಂಬಕ್ಕೆ. ಅದರ ಆವರಣದಲ್ಲಿ ಆಶ್ರಯ ಪಡೆದವರನ್ನು ಜಗದ್ಗುರು ಫ್ರಾನ್ಸಿಸರು ತಮ್ಮ ಕೊನೆಯ ದಿನಗಳವರೆಗೂ ಸಂಜೆ ಹೊತ್ತು ದೂರವಾಣಿಯಲ್ಲಿ ವಿಚಾರಿಸುತ್ತಿದ್ದರು. ಹೆಚ್ಚಾಗಿ ಕೇಳುತ್ತಿದ್ದುದು, ಇವತ್ತು ಏನು ಊಟ ಮಾಡಿದಿರಿ ಎಂದು.

ಈ ವಾರ ಒಂದು ಸಂಜೆ ಜಪಸರದ ನಂತರ ಮನೆಮಂದಿ ಸೇರಿ ಮತ್ತಾಯ 25:31-46 ಓದಿ. ಆಮೇಲೆ ಮಕ್ಕಳನ್ನು ಮೊದಲು ಮಾತನಾಡಲು ಬಿಡಿ: ನಮಗೆ ಕೇಡು ಮಾಡಿದವರ ಮನೆಯ ಮಗು ಹಸಿದು ಬಂದರೆ ನಮ್ಮ ಅಡಿಗೆಮನೆಯಲ್ಲಿ ಏನಾಗುತ್ತದೆ? ಬರುವ ಡಿಸೆಂಬರ್ 28ಕ್ಕೆ ಈ ಮನೆಯಿಂದ ಏನನ್ನು ಎತ್ತಿಡೋಣ, ಯಾವ ಮಕ್ಕಳಿಗಾಗಿ?