ಬಯೋಡೇಟಾ ಬದಲು ಒಂದು ಪ್ರಶ್ನೆ ಕಳಿಸಿ

ಹತ್ತಾರು ನಗರ ಯೋಜಕರಿಗೆ ಬರೆದರೂ ಉತ್ತರವಿಲ್ಲ ಎಂದಿದ್ದೀರಿ. ಬರೀ ‘ಮಾರ್ಗದರ್ಶನ ಬೇಕು’ ಎಂದರೆ ಅವರಾದರೂ ಏನು ಬರೆದಾರು? ನಿಮ್ಮೂರಿನ ಮಹಾಯೋಜನೆಯ ಭೂಬಳಕೆ ನಕ್ಷೆ ಹಿಡಿದು ಒಂದು ಬಡಾವಣೆ ಸುತ್ತಿ ಬನ್ನಿ. ನಕ್ಷೆಯಲ್ಲಿ ಉದ್ಯಾನವಿರುವ ಕಡೆ ನೆಲದ ಮೇಲೆ ಕಲ್ಯಾಣ ಮಂಟಪ ಕಂಡರೆ (ಆಶ್ಚರ್ಯಪಡಬೇಡಿ), ಅದು ಹೇಗಾಯಿತೆಂದು ಒಬ್ಬ ಯೋಜಕರನ್ನು ಕೇಳಿ ಹದಿನೈದು ನಿಮಿಷದ ಭೇಟಿ ಬೇಡಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಮಹಾಯೋಜನೆಗೆ ಸಾರ್ವಜನಿಕರ ಅಭಿಪ್ರಾಯ ಕರೆಯಬೇಕು; ಕರೆದಾಗ ನೀವೂ ಲಿಖಿತವಾಗಿ ಸಲ್ಲಿಸಿ. 1951ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಟೌನ್ ಪ್ಲಾನರ್ಸ್, ಇಂಡಿಯಾದ ಕರ್ನಾಟಕ ಶಾಖೆ ಬೆಂಗಳೂರಿನಲ್ಲಿದೆ. ಅದರ ಉಪನ್ಯಾಸಗಳಿಗೆ ಹೋಗಿ. ಅಲ್ಲಿ ನಿವೃತ್ತರನ್ನೇ ಮೊದಲು ಮಾತಾಡಿಸಿ. ಹುದ್ದೆಯಲ್ಲಿರುವವರು ನುಂಗಿಕೊಳ್ಳುವ ಮಾತನ್ನು ಅವರು ಬಿಚ್ಚಿ ಹೇಳುತ್ತಾರೆ. ಈ ವಾರವೇ ಒಬ್ಬರಿಗೆ ಬರೆಯಿರಿ, ಹತ್ತು ಜನಕ್ಕಲ್ಲ.