ಹಳೆಯ ಯುದ್ಧವಿಮಾನಗಳೂ ಇತಿಹಾಸದ ವಿದ್ಯಾರ್ಥಿಯೂ

ಕಳೆದ ವರ್ಷ ನಮ್ಮ ತರಗತಿಯವರು ಬೆಂಗಳೂರಿಗೆ ಪ್ರವಾಸ ಹೋಗಿದ್ದೆವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಮುಂದೆ ನಿಲ್ಲಿಸಿರುವ ‘ಮಾರುತ್’ ಯುದ್ಧವಿಮಾನವನ್ನು ನೋಡುತ್ತ ನಾನು ಬಹಳ ಹೊತ್ತು ನಿಂತುಬಿಟ್ಟೆ. 1961ರಲ್ಲಿ ಬೆಂಗಳೂರಿನ ಆಕಾಶದಲ್ಲಿಯೇ ಮೊದಲ ಸಲ ಹಾರಿದ ಜಾತಿಯ ವಿಮಾನ ಅದು. ಜೊತೆಗಿದ್ದ ಗೆಳೆಯನು, “ಕೊಲ್ಲುವುದಕ್ಕೆಂದು ಮಾಡಿದ ಯಂತ್ರ. ಕರಗಿಸಿ ಪಾತ್ರೆ ಮಾಡಿದ್ದರೆ ನಾಲ್ಕು ಜನಕ್ಕೆ ಉಪಯೋಗವಾಗುತ್ತಿತ್ತು” ಎಂದನು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಅದನ್ನು ಹುಡುಕುವ ಪ್ರಯತ್ನವೇ ಈ ಲೇಖನ.

ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ವೀರಗಲ್ಲುಗಳಿವೆ. ತುರುಗಾಳಗದಲ್ಲಿಯೋ ಊರಳಿವಿನಲ್ಲಿಯೋ ಮಡಿದವರ ನೆನಪಿಗೆ ನಿಲ್ಲಿಸಿದ ಕಲ್ಲುಗಳವು. ಅವನ್ನು ಕಾಪಾಡುವ ನಾವು ದನಗಳ್ಳತನವನ್ನಾಗಲಿ ಕೊಲೆಯನ್ನಾಗಲಿ ಕೊಂಡಾಡುತ್ತಿಲ್ಲ. ಅಂದಿನ ಜನರು ಹೇಗೆ ಬಾಳಿದರು, ಯಾವುದಕ್ಕಾಗಿ ಸತ್ತರು ಎಂಬುದಕ್ಕೆ ಆ ಕಲ್ಲೇ ಸಾಕ್ಷಿ. ಇಪ್ಪತ್ತನೆಯ ಶತಮಾನದ ಯುದ್ಧಗಳಿಗೆ ಹಳೆಯ ವಿಮಾನವೂ ಅಂತಹುದೇ ಸಾಕ್ಷಿಯೆಂದು ನನ್ನ ಎಣಿಕೆ. ‘ಲಿಬರೇಟರ್’ ಎಂಬ ಬಾಂಬರ್ ವಿಮಾನದ ಕಥೆಯಿಂದ ಇದನ್ನು ವಿವರಿಸುತ್ತೇನೆ.

ನಾಲ್ಕು ಎಂಜಿನ್‌ಗಳ, 110 ಅಡಿ ರೆಕ್ಕೆಹರವಿನ ಈ ವಿಮಾನವು ಅಮೆರಿಕದಲ್ಲಿ 1939ರ ಡಿಸೆಂಬರಿನಲ್ಲಿ ಮೊದಲು ಹಾರಿತು. ಎರಡನೆಯ ಮಹಾಯುದ್ಧ ಮುಗಿಯುವುದರೊಳಗೆ 18,000ಕ್ಕೂ ಹೆಚ್ಚು ಲಿಬರೇಟರುಗಳು ತಯಾರಾದವು. ಯುದ್ಧ ಮುಗಿಯುತ್ತಲೇ ಅವುಗಳಲ್ಲಿ ಬಹುಪಾಲು ಕುಲುಮೆಗೆ ಹೋದವು. ನನ್ನ ಗೆಳೆಯನು ಹೇಳಿದ ಪಾತ್ರೆಯ ಮಾತನ್ನು ಲೋಕವು ಆಗಲೇ ನಡೆಸಿಬಿಟ್ಟಿತ್ತು!

ಬ್ರಿಟನ್ನಿನ ವಾಯುಸೇನೆಯು ಭಾರತದಲ್ಲಿ ಬಳಸಿದ ಲಿಬರೇಟರುಗಳು ಅಮೆರಿಕದಿಂದ ಎರವಲು ಪಡೆದವು. ಕರಾರಿನಂತೆ ಅವನ್ನು ಹಿಂದಿರುಗಿಸಬೇಕು, ಇಲ್ಲವೆ ನಾಶಪಡಿಸಬೇಕು. ಅದಕ್ಕಾಗಿ ಅವನ್ನು ಕಾನ್ಪುರದಲ್ಲಿ ಗುಡ್ಡೆಹಾಕಿ, ಮತ್ತೆ ಹಾರದಂತೆ ಹಾಳುಗೆಡವಿ, ಬಿಟ್ಟುಹೋದರು. ಸ್ವಾತಂತ್ರ್ಯ ಬಂದಾಗ ಭಾರತದ ಬಳಿ ಭಾರಿ ಬಾಂಬರುಗಳಿರಲಿಲ್ಲ, ಹೊಸತನ್ನು ಕೊಳ್ಳಲು ಹಣವೂ ಸಾಲದು. ಆಗ ಎಲ್ಲರ ಕಣ್ಣು ಆ ಗುಜರಿಯ ರಾಶಿಯ ಮೇಲೆ ಬಿದ್ದಿತು.

ಆ ಕೆಲಸಕ್ಕೆ ಮುಂದಾದದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಸ್ಥಾಪಿಸಿದ್ದ ಈ ಕಾರ್ಖಾನೆಯು 1943ರಲ್ಲಿ ಅಮೆರಿಕದ ವಾಯುಸೇನೆಯ ಆಡಳಿತಕ್ಕೆ ಬಂದು ದುರಸ್ತಿಯ ದೊಡ್ಡ ಕೇಂದ್ರವಾಗಿತ್ತು. ಆದುದರಿಂದ ಇಲ್ಲಿನ ಕೆಲಸಗಾರರಿಗೆ ಅಮೆರಿಕದ ವಿಮಾನಗಳ ಒಳಹೊರಗು ಪರಿಚಿತವಾಗಿತ್ತು. ಅವರು ಕಾನ್ಪುರದಲ್ಲಿ ಒಂದರ ಭಾಗವನ್ನು ಮತ್ತೊಂದಕ್ಕೆ ಜೋಡಿಸಿ, ಹೇಗೋ ಹಾರುವಷ್ಟರ ಮಟ್ಟಿಗೆ ಸರಿಪಡಿಸಿದರು. ಕಾರ್ಖಾನೆಯ ಪರೀಕ್ಷಾ ಚಾಲಕ ಜಂಷೇಡ್ ಮುನ್ಷಿಯವರು ಅಂತಹ ವಿಮಾನಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಕೆಡಿಸಿ ಬಿಟ್ಟ ವಿಮಾನದಲ್ಲಿ ಕುಳಿತು ಅಷ್ಟು ದೂರ ಬರುವುದೆಂದರೆ ಸಾಮಾನ್ಯ ಎದೆಗಾರಿಕೆಯಲ್ಲ. ಹೀಗೆ ಸುಮಾರು 40 ವಿಮಾನಗಳು ಬೆಂಗಳೂರಿನಲ್ಲಿ ಪೂರ್ಣ ದುರಸ್ತಿಗೊಂಡು ಮರುಜನ್ಮ ಪಡೆದವು. 1948ರ ನವೆಂಬರಿನಲ್ಲಿ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಇವುಗಳಿಂದಲೇ ರೂಪುಗೊಂಡಿತು. ಮುಂದೆ 6ನೆಯ ಸ್ಕ್ವಾಡ್ರನ್ ಇವನ್ನು ಸಮುದ್ರದ ಕಾವಲಿಗೆ ಬಳಸಿತು. 1968ರಲ್ಲಿ ಇವು ನಿವೃತ್ತಿಯಾದಾಗ, ಲಿಬರೇಟರ್‌ಗಳನ್ನು ಸೇನೆಯಲ್ಲಿ ಇಟ್ಟುಕೊಂಡಿದ್ದ ರಾಷ್ಟ್ರಗಳಲ್ಲಿ ಭಾರತವೇ ಕೊನೆಯದು.

ಆ ವೇಳೆಗೆ ಅಮೆರಿಕ, ಬ್ರಿಟನ್ನುಗಳಲ್ಲಿ ಹಳೆಯ ವಿಮಾನಗಳ ಅಭಿಮಾನಿಗಳು ಲಿಬರೇಟರ್‌ಗಾಗಿ ಹುಡುಕಾಡುತ್ತಿದ್ದರು. ಸಿಕ್ಕಿದ್ದು ಭಾರತದಲ್ಲಿ. ಕೆನಡಾಕ್ಕೆ 1968ರಲ್ಲಿ ಒಂದು, ಅಮೆರಿಕದ ಪೀಮಾ ಸಂಗ್ರಹಾಲಯಕ್ಕೆ 1969ರಲ್ಲಿ ಒಂದು, ಬ್ರಿಟನ್ನಿನ ವಾಯುಸೇನಾ ಸಂಗ್ರಹಾಲಯಕ್ಕೆ 1974ರಲ್ಲಿ ಒಂದು, ಹೀಗೆ ಹಾರಿಹೋದವು. ಇನ್ನೊಂದು 1980ರ ದಶಕದಲ್ಲಿ ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನವನ್ನು ಸೇರಿ, ವರ್ಷಗಟ್ಟಲೆಯ ದುರಸ್ತಿಯ ನಂತರ 1989ರಲ್ಲಿ ಮತ್ತೆ ಹಾರಿತು. ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿ ಒಂದು ಉಳಿದಿದೆ. ಸಂಗ್ರಹಿಸಬೇಕೆಂಬ ಉದ್ದೇಶವೇ ಇಲ್ಲದೆ, ಬಡತನಕ್ಕಂಜಿ ದುರಸ್ತಿ ಮಾಡಿದ ಕೈಗಳು ಲೋಕದ ಒಂದು ಚಾರಿತ್ರಿಕ ವಸ್ತುವನ್ನು ಉಳಿಸಿಕೊಟ್ಟವು.

ಇಲ್ಲಿಯೇ ನನ್ನನ್ನು ಕಾಡಿದ ಪ್ರಶ್ನೆ. ಕಾಲಿಂಗ್ಸ್ ಪ್ರತಿಷ್ಠಾನದ ವಿಮಾನಕ್ಕೆ ಮೊದಲು ‘ಆಲ್ ಅಮೆರಿಕನ್’ ಎಂದೂ ಮುಂದೆ ‘ವಿಚ್‌ಕ್ರಾಫ್ಟ್’ ಎಂದೂ ಹೆಸರು ಬರೆದರು. ಅವು ಯೂರೋಪಿನ ಯುದ್ಧದಲ್ಲಿ ಹಾರಿದ ಬೇರೆ ವಿಮಾನಗಳ ಹೆಸರುಗಳು. ಈ ವಿಮಾನವಾದರೋ ಬ್ರಿಟನ್ನಿನ ಸೇನೆಯಲ್ಲಿದ್ದು ಕಾನ್ಪುರದಲ್ಲಿ ಬಿದ್ದು, ಭಾರತದಲ್ಲಿ ಮರುಜನ್ಮ ಪಡೆದದ್ದು. ಆಯುಸ್ಸಿನ ದೀರ್ಘಭಾಗವು ಬಣ್ಣದ ಕೆಳಗೆ ಮುಚ್ಚಿಹೋಯಿತು. ಗುಡಿಯ ಜೀರ್ಣೋದ್ಧಾರವೆಂದು ಶಾಸನದ ಮೇಲೆ ಸುಣ್ಣ ಬಳಿಯುವುದನ್ನು ನಾವು ಕಂಡಿಲ್ಲವೆ? ಭಕ್ತಿಯಲ್ಲಿ ಕೊರತೆಯಿಲ್ಲ, ಅಕ್ಷರ ಮಾತ್ರ ಕಾಣುವುದಿಲ್ಲ.

ಆದರೆ ಅವರನ್ನು ಮಾತ್ರ ದೂರುವುದು ನ್ಯಾಯವಲ್ಲ. ಬ್ರಿಟನ್ನಿನಲ್ಲಿ ದುರಸ್ತಿಗೊಂಡು 2018ರಲ್ಲಿ ನಮ್ಮ ವಾಯುಪಡೆಗೆ ಬಂದ ‘ಪರಶುರಾಮ’ ಎಂಬ ಡಕೋಟ ವಿಮಾನಕ್ಕೂ ವಿಪಿ 905 ಎಂಬ ಸಂಖ್ಯೆಯನ್ನು ಬರೆದಿದೆ. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಒಯ್ದ ಡಕೋಟದ ಸಂಖ್ಯೆ ಅದು. ಆ ಮೂಲ ವಿಮಾನ ಬೇರೆ, ಇದು ಬೇರೆ. ಮಡಿದವರನ್ನೂ ಸಾಹಸಿಗಳನ್ನೂ ನೆನೆಯಲು ಜನರಿಗೆ ಕಣ್ಣಿಗೆ ಕಾಣುವ ಒಂದು ರೂಪ ಬೇಕು. ಅದು ತಪ್ಪಲ್ಲ. ಬಣ್ಣದ ಜೊತೆಗೆ ವಿಮಾನದ ನಿಜವಾದ ಜಾತಕವನ್ನೂ ಪಕ್ಕದ ಫಲಕದಲ್ಲಿ ಬರೆದಿಡಬೇಕು ಎಂಬುದಷ್ಟೇ ನನ್ನ ವಾದ.

ಹಾಗೆಯೇ ಹಾರಿಸಬೇಕೆ, ನಿಲ್ಲಿಸಿಡಬೇಕೆ ಎಂಬ ಚರ್ಚೆಯೂ ಉಂಟು. ಹಾರಿಸುವುದಾದರೆ ಸವೆದ ಭಾಗಗಳನ್ನು ಬದಲಿಸುತ್ತಲೇ ಇರಬೇಕು, ಮೂಲವಸ್ತು ಕಡಮೆಯಾಗುತ್ತ ಹೋಗುತ್ತದೆ. ಆದರೆ ಎಂಜಿನ್ನಿನ ಶಬ್ದವೂ ಅದನ್ನು ನಡೆಸುವ ವಿದ್ಯೆಯೂ ಬದುಕುತ್ತವೆ. ನಿಲ್ಲಿಸಿಟ್ಟರೆ ಮೂಲವಸ್ತು ಉಳಿದೀತು, ಆದರೆ ಮೇಲೆ ಸೂರು ಬೇಕು. ಬಿಸಿಲಿಗೆ ಬಣ್ಣವೂ ರಬ್ಬರೂ ಸೀಳುತ್ತವೆ. ಮಳೆನೀರು ಸಂದಿಗಳಲ್ಲಿ ನಿಂತು ಅಲ್ಯೂಮಿನಿಯಂ ತಗಡನ್ನು ಬಿಳಿಯ ಪುಡಿಯಾಗಿ ತಿನ್ನುತ್ತದೆ. ಕಂಬದ ಮೇಲೆ ಏರಿಸಿ ಮರೆತ ವಿಮಾನವು ನಿಧಾನವಾಗಿ ಸಾಯುವ ವಿಮಾನ.

ಗೆಳೆಯನಿಗೆ ನಾನು ಈಗ ಹೇಳುವ ಉತ್ತರವಿಷ್ಟು: ಪಾತ್ರೆ ಮಾಡಿದ್ದರೆ ನಾಲ್ಕು ದಿನ ಅನ್ನ ಬೇಯುತ್ತಿತ್ತು, ನಿಜ. ಆದರೆ ಬಡದೇಶವೊಂದು ಪರರು ಒಡೆದುಹೋದದ್ದನ್ನು ಕೂಡಿಸಿ ತನ್ನ ಕಾಲ ಮೇಲೆ ನಿಂತ ಬಗೆಯನ್ನು ಯಾವ ಪಾತ್ರೆಯೂ ಹೇಳದು. ಮುನ್ಷಿಯವರ ಹೆಸರನ್ನು ಗ್ರಂಥಗಳು ಹೇಳುತ್ತವೆ. ರಿವೆಟ್ ಹೊಡೆದವರ, ತಂತಿ ಎಳೆದವರ ಹೆಸರುಗಳನ್ನು ನಾನು ಓದಿದ್ದರಲ್ಲಿ ಕಾಣಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ನಮ್ಮ ನಡುವೆಯೇ ಇರಬಹುದು. ವಾಚಕರಲ್ಲಿ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಕಾರ್ಖಾನೆಯ ಹಳೆಯ ಗುರುತಿನ ಚೀಟಿಯೋ ಒಂದು ಛಾಯಾಚಿತ್ರವೋ ಇದ್ದರೆ, ದಯವಿಟ್ಟು ಗುಜರಿಗೆ ಹಾಕಬೇಡಿ. ಹಿರಿಯರನ್ನು ಕೇಳಿ ಬರೆದಿಡಿ. ಆ ಕಾಗದವೂ ಒಂದು ಶಾಸನವೇ.